ಪೆಟ್ಟಿಗೆಯಲ್ಲಿ ಅಡಗಿಸಿದ ತುಳಸಿ

ಮಗನೋ ಮಗಳೋ ವಿದೇಶದಲ್ಲಿ ನೆಲೆಸಿರುವುದು ಸಯನ್, ಮಾಟುಂಗಾಗಳ ನಮ್ಮ ಸಮಾಜದಲ್ಲಿ ಇಂದು ಅಪರೂಪವಲ್ಲ. ತಂದೆತಾಯಿಗಳು ಅಲ್ಲಿಗೆ ಹೊರಟರೆಂದರೆ ತಿಂಗಳಿಗೆ ಮುಂಚೆಯೇ ಸಂಭ್ರಮ ಆರಂಭವಾಗುತ್ತದೆ. ಮಾಟುಂಗಾ ಪೇಟೆಯಿಂದ ಸಾರಿನ ಪುಡಿ, ಹಪ್ಪಳ, ಉಪ್ಪಿನಕಾಯಿ. ಮಠದಿಂದ ಗೋಪೀಚಂದನ, ಪಂಚಾಂಗ. ಬಳಿಕ ಒಂದೊಂದು ಪೆಟ್ಟಿಗೆಯನ್ನೂ ವಿಮಾನದವರು ವಿಧಿಸಿದ 23 ಕಿಲೋ ಮಿತಿಯೊಳಗೆ ತರುವ ಹೋರಾಟ. ಈ ಸಂಭ್ರಮದ ನಡುವೆಯೂ ಒಂದು ಧರ್ಮಸೂಕ್ಷ್ಮವು ಅಡಗಿದೆಯೆಂಬುದು ನಮಗೆ ಸ್ವಾನುಭವದಿಂದ ತಿಳಿದುಬಂದಿತು.

ಎರಡು ವರ್ಷಗಳ ಹಿಂದೆ ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೊರಟಿದ್ದೆವು. ಹಿಂದಿನ ರಾತ್ರಿ ಪೆಟ್ಟಿಗೆಯನ್ನು ಮತ್ತೊಮ್ಮೆ ತೂಗಲು ತೆರೆದಾಗ, ನಮ್ಮ ಧರ್ಮಪತ್ನಿಯ ಸೀರೆಯ ಮಡಿಕೆಯಲ್ಲಿ ಕರಿಬೇವಿನ ಕಟ್ಟೂ ಒದ್ದೆ ಹತ್ತಿ ಸುತ್ತಿದ ಎರಡು ತುಳಸಿ ಸಸಿಗಳೂ ಕಂಡವು. "ಅಲ್ಲಿ ಕೇಳಿದರೆ ಬಟ್ಟೆಬರೆ ಎಂದರಾಯಿತು. ತುಳಸಿ ದೇವರ ಪೂಜೆಗಲ್ಲವೇ? ಅದಕ್ಕೇನು ದೋಷ?" ಎಂದರು ಆಕೆ.

ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ರೈಲ್ವೆ ಸೇವೆಯಲ್ಲಿದ್ದಾಗ, ಎರಡನೇ ದರ್ಜೆಯ ಟಿಕೆಟಿಗೆ 35 ಕಿಲೋ ಮಾತ್ರ ಉಚಿತವೆಂದು ಇತರರಿಗೆ ನಿಯಮ ಹೇಳಿದವರು ನಾವು. ಯಾತ್ರಿಕರು "ಇದು ದೇವರ ಸಾಮಾನು" ಎಂದರೂ ಹೆಚ್ಚಿನ ತೂಕಕ್ಕೆ ರಸೀದಿ ಬರೆಸದೆ ಬಿಟ್ಟವರಲ್ಲ. ಈಗ ತೆರೆದಿದ್ದುದು ನಮ್ಮದೇ ಪೆಟ್ಟಿಗೆ.

ಸತ್ಯಕ್ಕೆ ಅಪವಾದವೇ ಇಲ್ಲವೇ? ಇದೆ. ಕರ್ಣಪರ್ವದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ಕೌಶಿಕನ ಕಥೆಯನ್ನು ಹೇಳುತ್ತಾನೆ. ಪ್ರಾಣಭಯದಿಂದ ಅಡಗಿದ್ದವರ ಜಾಡನ್ನು ದರೋಡೆಕೋರರಿಗೆ ತೋರಿಸಿಕೊಟ್ಟ ಆ ಸತ್ಯವಾದಿಯು ನರಕಕ್ಕೆ ಹೋದನು. ಆದರೆ ಅಲ್ಲಿ ಪರರ ಪ್ರಾಣರಕ್ಷಣೆಯ ಪ್ರಶ್ನೆಯಿತ್ತು. ನಮ್ಮ ಸುಳ್ಳಿನಿಂದ ಉಳಿಯುವವರು ಯಾರು? ನೋಯುವವರಂತೂ ಇರಬಹುದು.

ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬಕ್ಕೇ ಸೇರಿದ ಗಿಡ. ಅವುಗಳ ರಸ ಹೀರುವ ಒಂದು ಚಿಕ್ಕ ಕೀಟವು ಕರಿಬೇವಿನ ಎಲೆಯ ಮೇಲೂ ಬದುಕುತ್ತದೆ. ಸಿಟ್ರಸ್ ಗ್ರೀನಿಂಗ್ ಎಂಬ ರೋಗವನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಈ ಕೀಟವು 1998ರಲ್ಲಿ, ರೋಗವು 2005ರಲ್ಲಿ ಕಂಡುಬಂದಿತು. ರೋಗ ಹಿಡಿದ ಮರಕ್ಕೆ ಪೂರ್ಣ ಪರಿಹಾರವಿಲ್ಲ. ರೋಗವೂ ಚಂಡಮಾರುತಗಳೂ ಸೇರಿ ಅಲ್ಲಿಯ ಕಿತ್ತಳೆಯ ಬೆಳೆ ಇಪ್ಪತ್ತು ವರ್ಷಗಳಲ್ಲಿ ಹತ್ತರಲ್ಲೊಂದು ಪಾಲಿಗಿಂತಲೂ ಕೆಳಗಿಳಿಯಿತು. ಗಿಡಗಳಿಗೂ ಬೀಜಗಳಿಗೂ ಸಸ್ಯಾರೋಗ್ಯದ ಪ್ರಮಾಣಪತ್ರವನ್ನು ಕೇಳುವ ನಿಯಮ ಕೇವಲ ಅಧಿಕಾರಿಗಳ ಕಾಟವಲ್ಲ. ಅದರ ಹಿಂದೆ ಒಬ್ಬ ರೈತನ ಅನ್ನವಿದೆ.

ಪೂಜೆಯ ಮಾತಿಗೆ ಬರೋಣ. ಪತ್ರ, ಪುಷ್ಪ, ಫಲ, ತೋಯಗಳೆಂದು ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಭಗವಂತನು ನಾಲ್ಕು ವಸ್ತುಗಳನ್ನು ಹೇಳಿದ್ದಾನೆ. ವಿಮಾನನಿಲ್ದಾಣದಲ್ಲಿ ತಡೆಯುವುದೂ ಬಹುಮಟ್ಟಿಗೆ ಇವುಗಳನ್ನೇ! ಆದರೆ ಅದೇ ಶ್ಲೋಕದಲ್ಲಿ ಭಕ್ತಿಯೆಂಬ ಮಾತು ಎರಡು ಬಾರಿ ಬಂದಿದೆ. ಅರ್ಪಿಸುವವನ ಮನಸ್ಸು ಶುದ್ಧವಾಗಿರಬೇಕೆಂಬುದೂ ಬಂದಿದೆ. ಸುಳ್ಳು ಹೇಳಿ ದಾಟಿಸಿದ ದಳವನ್ನು ಯಾವ ಮನಸ್ಸಿನಿಂದ ಅರ್ಪಿಸುವುದು?

ಸಸಿಗಳನ್ನು ನೆರೆಮನೆಗೆ ಕೊಟ್ಟೆವು. ಕರಿಬೇವು ಮರುದಿನದ ಒಗ್ಗರಣೆಗೆ ಹೋಯಿತು. ಒಂದು ಹಿಡಿ ಒಣ ತುಳಸಿಯನ್ನು ಮಾತ್ರ ಇಟ್ಟುಕೊಂಡು, ಅಲ್ಲಿ ಇಳಿದಾಗ ತಿಂಡಿಪುಡಿಗಳ ಜೊತೆ ಅದನ್ನೂ ಹೇಳಿದೆವು. ಮುಚ್ಚಿಡದೆ ತಿಳಿಸಿದರೆ ನಿಷಿದ್ಧ ವಸ್ತು ಮಾತ್ರ ಹೋಗುತ್ತದೆ, ದಂಡವಿಲ್ಲ. ಅಧಿಕಾರಿ ಪುಡಿಗಳನ್ನು ಬಿಟ್ಟು ತುಳಸಿಯನ್ನು ತೆಗೆದು ತೊಟ್ಟಿಗೆ ಹಾಕಿದರು. ನಮ್ಮಾಕೆಯ ಕಣ್ಣು ತೇವವಾಯಿತು. ನಮಗೂ ಆ ಕ್ಷಣದಲ್ಲಿ, ಸುಮ್ಮನಿದ್ದಿದ್ದರೆ ಆಗುತ್ತಿತ್ತೇನೋ ಎನ್ನಿಸದೆ ಇರಲಿಲ್ಲ.

ಒಂಬತ್ತು ದಿನ ತುಳಸಿಯಿಲ್ಲದೆಯೇ ಪೂಜೆ ನಡೆಯಿತು. ಮಾನಸಪೂಜೆಯಲ್ಲಿ ದಳಗಳನ್ನು ಅರ್ಪಿಸಿದೆವು. ಹತ್ತನೆಯ ದಿನ ಅಲ್ಲಿಯ ದೇವಾಲಯದಲ್ಲಿ ಪರಿಚಯವಾದ ಒಬ್ಬ ಗೃಹಿಣಿ ತಾವು ಬೆಳೆಸಿದ ಕುಂಡವೊಂದನ್ನು ತಂದುಕೊಟ್ಟರು. ಎಂಟು ವರ್ಷದ ಮೊಮ್ಮಗ, "ಅಜ್ಜಾ, ಊರಿನಿಂದ ತುಳಸಿ ಯಾಕೆ ತರಲಿಲ್ಲ?" ಎಂದು ಕೇಳಿದನು. ನಡೆದುದೆಲ್ಲವನ್ನೂ ಅವನಿಗೆ ಹೇಳಿದೆವು. ಅದರಲ್ಲಿ ಮರೆಮಾಚಬೇಕಾದುದು ಏನೂ ಇರಲಿಲ್ಲ.

ಈ ವರ್ಷ ಹೊರಡಲಿರುವ ಬಂಧುಗಳು ಬೀಗ ಹಾಕುವ ಮುನ್ನ ಸೀರೆಯ ಮಡಿಕೆಗಳನ್ನೊಮ್ಮೆ ನೋಡಿಕೊಳ್ಳಬೇಕಾಗಿ ವಿನಂತಿ.

ಶ್ರೀಕೃಷ್ಣಾರ್ಪಣಮಸ್ತು.