ಅರಿಯದೆ ಆದ ಹಿಂಸೆ

ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ಬಲ್ಲ ಮನೆಗಳಲ್ಲಿ ಹಿಟ್ಟಿನ ಕೋಳಿಯ ಕಥೆಯನ್ನು ಮತ್ತೆ ಹೇಳಬೇಕಾಗಿಲ್ಲ. ತಾಯಿಯ ಒತ್ತಾಯಕ್ಕೆ ಮಣಿದು ಯಶೋಧರನು ಬಲಿಯಿತ್ತದ್ದು ಹಿಟ್ಟಿನ ಕೋಳಿಯನ್ನೇ. ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ತಿರ್ಯಂಚ ಜನ್ಮಗಳಲ್ಲಿ ತೊಳಲಿದರು. ಈ ಕಥೆಯನ್ನು ತಿರುವುಮುರುವಾಗಿಸಿದರೆ ಏಳುವ ಪ್ರಶ್ನೆ ಇನ್ನೂ ಕಠಿನವಾದುದು. ಸಂಕಲ್ಪವು ಲವಲೇಶವೂ ಇಲ್ಲದೆ ಒಂದು ಜೀವ ಹೋದರೆ, ಅದಕ್ಕೆ ನಿಮಿತ್ತವಾದ ಕೈ ಏನನ್ನು ಹೊರಬೇಕು?

ಅಮೆರಿಕದ ಲೇಖಕಿ ಸೂ ಮಂಕ್ ಕಿಡ್ ಅವರ ‘ದಿ ಸೀಕ್ರೆಟ್ ಲೈಫ್ ಆಫ್ ಬೀಸ್’ ಎಂಬ ಕಾದಂಬರಿ ಇದೇ ಪ್ರಶ್ನೆಯನ್ನು ಒಬ್ಬ ಬಾಲಕಿಯ ಹೆಗಲ ಮೇಲಿರಿಸುತ್ತದೆ. ಜೇನುನೊಣಗಳ ಗುಟ್ಟಿನ ಬದುಕು ಎಂಬರ್ಥದ ಹೆಸರುಳ್ಳ ಈ ಕೃತಿ ನಡೆಯುವುದು 1964ರ ಬೇಸಗೆಯಲ್ಲಿ, ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ. ಲಿಲಿಗೆ ಹದಿನಾಲ್ಕು ವರ್ಷ. ಅವಳು ನಾಲ್ಕು ವರ್ಷದ ಕೂಸಾಗಿದ್ದಾಗ ತಂದೆತಾಯಿಯರ ಜಗಳದ ನಡುವೆ ನೆಲಕ್ಕೆ ಬಿದ್ದ ಪಿಸ್ತೂಲನ್ನು ಎತ್ತಿಕೊಂಡಿದ್ದಳು. ಅದು ಸಿಡಿದು ತಾಯಿ ಸತ್ತಳು. ತಂದೆ ಟಿ. ರೇ ಅವಳನ್ನು ಸಾಕಿದನೇನೋ ನಿಜ. ತಪ್ಪು ಕಂಡಾಗಲೆಲ್ಲ ಜೋಳದ ನುಚ್ಚನ್ನು ನೆಲಕ್ಕೆ ಸುರಿದು ಅದರ ಮೇಲೆ ಮಗಳನ್ನು ಮೊಣಕಾಲೂರಿಸುವ ತಂದೆ ಅವನು.

ಅದೇ ವರ್ಷದ ಜುಲೈ 2ರಂದು ಅಧ್ಯಕ್ಷ ಜಾನ್ಸನ್ ನಾಗರಿಕ ಹಕ್ಕುಗಳ ಕಾಯಿದೆಗೆ ಸಹಿ ಹಾಕಿದರು. ಲಿಲಿಯನ್ನು ಎತ್ತಿ ಆಡಿಸಿದ ಕಪ್ಪು ಹೆಂಗಸು ರೊಸಲೀನ್ ಮತದಾರಳಾಗಿ ಹೆಸರು ಬರೆಸಲು ಹೊರಟು, ಬಿಳಿಯರ ಕೈಯಲ್ಲಿ ಪೆಟ್ಟು ತಿಂದು, ತಾನೇ ಸೆರೆಯಾಗುತ್ತಾಳೆ. ಲಿಲಿ ಅವಳನ್ನು ಬಿಡಿಸಿಕೊಂಡು ಓಡುತ್ತಾಳೆ. ತಾಯಿ ಬಿಟ್ಟುಹೋದ ಚಿತ್ರವೊಂದರ ಹಿಂದೆ ಬರೆದಿದ್ದ ಊರಿನ ಹೆಸರೊಂದೇ ಅವರಿಗೆ ದಾರಿ. ಆ ಊರಿನಲ್ಲಿ ಜೇನು ಸಾಕುವ ಮೂವರು ಕಪ್ಪು ಸೋದರಿಯರು, ಆಗಸ್ಟ್, ಜೂನ್ ಮತ್ತು ಮೇ, ಅವರಿಗೆ ಆಶ್ರಯ ಕೊಡುತ್ತಾರೆ.

ಜೇನು ಎಂದೊಡನೆ ಶ್ರಾವಕನಾದ ಓದುಗನು ಒಂದು ಕ್ಷಣ ತಡೆಯುವುದು ಸಹಜ. ಮದ್ಯ, ಮಾಂಸಗಳೊಂದಿಗೆ ಮಧುವೂ ತ್ಯಾಜ್ಯ. ತಾನಾಗಿ ತೊಟ್ಟಿಕ್ಕಿದ ಮಧುವಿನಲ್ಲಿಯೂ ಹಿಂಸೆಯುಂಟೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೇಳಿದ್ದಾರೆ. ಗೂಡಿನ ಬಳಿ ನಿಂತಾಗ ನೊಣಗಳಿಗೆ ಮನಸ್ಸಿನಲ್ಲೇ ಪ್ರೀತಿಯನ್ನು ಕಳುಹಿಸಬೇಕೆಂದು ಆಗಸ್ಟ್ ಲಿಲಿಗೆ ಕಲಿಸುತ್ತಾಳೆ. ಮೈತ್ರೀಭಾವನೆಯ ನೆರಳು ಅಲ್ಲಿದೆ. ಆದರೆ ಪ್ರೀತಿಸಿದ ಮೇಲೆಯೂ ತುಪ್ಪವನ್ನು ಕಿತ್ತುಕೊಳ್ಳುವುದು ನಿಂತಿಲ್ಲ. ಈ ಭೇದವನ್ನು ಮುಚ್ಚಿಡದೆಯೇ ಮುಂದೆ ಓದಬಹುದು.

ಪ್ರಮಾದಯುಕ್ತವಾದ ಯೋಗದಿಂದ ಪ್ರಾಣಹರಣವಾಗುವುದೇ ಹಿಂಸೆಯೆಂಬುದು ತತ್ತ್ವಾರ್ಥಸೂತ್ರದ ನಿರ್ಣಯ. ಭಾವವು ತೀವ್ರವೋ ಮಂದವೋ, ಕೃತ್ಯವು ಅರಿತು ಆದುದೋ ಅರಿಯದೆ ಆದುದೋ, ಅದನ್ನನುಸರಿಸಿ ಆಸ್ರವದಲ್ಲಿ ಭೇದವುಂಟೆಂದೂ ಉಮಾಸ್ವಾಮಿಗಳು ಹೇಳುತ್ತಾರೆ. ಪಿಸ್ತೂಲು ಎಂದರೇನೆಂದೇ ತಿಳಿಯದ ಕೂಸಿನಲ್ಲಿ ಕಷಾಯವನ್ನು ಹುಡುಕುವುದು ಶಾಸ್ತ್ರಕ್ಕೇ ಅಪಚಾರ. ಆದರೂ ಇಂಥ ಸಾವು ನಡೆದ ಮನೆಗೆ ಬಂದ ಹಿರಿಯರು ಸಮಾಧಾನ ಹೇಳುವ ಭರದಲ್ಲಿ “ಎಲ್ಲ ಅವರವರ ಕರ್ಮ” ಎಂದು ಮಗುವಿನೆದುರೇ ನುಡಿದು ಹೋಗುವುದುಂಟು. ಕರ್ಮಸಿದ್ಧಾಂತವಿರುವುದು ತನ್ನ ನಡೆಯನ್ನು ತಾನು ನೋಡಿಕೊಳ್ಳಲು. ಪರರ ಗಾಯಕ್ಕೆ ಕಾರ ಹಚ್ಚಲು ಅಲ್ಲ.

ಆಗಸ್ಟಳ ನಡತೆ ಇಲ್ಲಿ ಮನನಯೋಗ್ಯ. ಲಿಲಿಯ ಮುಖ ಕಂಡೊಡನೆಯೇ ಇವಳು ಯಾರ ಮಗಳೆಂದು ಅವಳಿಗೆ ಹೊಳೆದಿತ್ತು. ಆ ತಾಯಿಯನ್ನು ಬಾಲ್ಯದಲ್ಲಿ ಸಾಕಿದವಳೇ ಅವಳು. ಹುಡುಗಿ ಹೇಳಿದ ಸುಳ್ಳನ್ನು ಬಯಲು ಮಾಡದೆ, ಕೆಲಸ ಕೊಟ್ಟು, ಅನ್ನವಿಟ್ಟು, ಅವಳಾಗಿ ಬಾಯಿ ಬಿಡುವ ದಿನಕ್ಕಾಗಿ ಕಾಯುತ್ತಾಳೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯಗಳನ್ನು ಒಂದರ ಹಿಂದೊಂದಾಗಿ ಎಣಿಸುವುದುಂಟು. ಪರರ ದೋಷವನ್ನು ಮರೆಮಾಡುವುದು, ಜಾರಿದವರನ್ನು ನಿಲ್ಲಿಸುವುದು, ಅಕ್ಕರೆ ತೋರುವುದು ಬೇರೆ ಬೇರೆ ಕೆಲಸಗಳಲ್ಲವೆಂಬುದು ಆಗಸ್ಟಳನ್ನು ಕಂಡಾಗ ಸ್ಪಷ್ಟವಾಗುತ್ತದೆ. ಆದರೆ ಅವಳ ಉಪಗೂಹನ ಸತ್ಯವನ್ನು ನುಂಗುವುದಿಲ್ಲ. ಲಿಲಿ ಆಲೋಚನೆ ಮಾಡಿಕೊಂಡ ದಿನ, ಅಂದರೆ ಒಳಗಿದ್ದುದನ್ನೆಲ್ಲ ಮುಂದಿಟ್ಟ ದಿನ, ಆಗಸ್ಟ್ ಕಹಿಯಾದ ಮಾತನ್ನೂ ಹೇಳುತ್ತಾಳೆ: ನಿನ್ನ ತಾಯಿ ಒಮ್ಮೆ ನಿನ್ನನ್ನು ಬಿಟ್ಟು ಇಲ್ಲಿಗೆ ಬಂದಿದ್ದಳು, ನಿನ್ನನ್ನು ಕರೆದೊಯ್ಯಲು ಹಿಂತಿರುಗಿದ್ದಳು.

ಸೋದರಿ ಮೇ ಇದಕ್ಕೆ ಪ್ರತಿಯಾದ ಪಾತ್ರ. ಲೋಕದ ದುಃಖವೆಲ್ಲ ಅವಳದೇ. ಅದನ್ನು ಚೀಟಿಗಳಲ್ಲಿ ಬರೆದು ಮನೆಯ ಹಿಂದಿನ ಕಲ್ಲಿನ ಗೋಡೆಯ ಸಂದುಗಳಲ್ಲಿ ಸಿಕ್ಕಿಸುತ್ತಾಳೆ. ಕೊನೆಗೆ ತಾಳಲಾರದೆ ನದಿಯಲ್ಲಿ ಪ್ರಾಣ ಬಿಡುತ್ತಾಳೆ. ಕಾರುಣ್ಯದ ಜೊತೆಗೇ ಮಾಧ್ಯಸ್ಥ್ಯವನ್ನೂ ಸೂತ್ರಕಾರರು ಏಕೆ ಹೇಳಿದರೆಂದು ಕೇಳುವವರು ಅವಳ ಕಥೆಯನ್ನು ಓದಬೇಕು.

ಒಂದು ಆಕ್ಷೇಪ ಬರಬಹುದು. ಅನ್ಯತ್ವ ಭಾವನೆಯ ಪ್ರಕಾರ ಯಾರಿಗೆ ಯಾರೂ ಇಲ್ಲವೆಂದಮೇಲೆ ‘ನಮ್ಮವರು’ ಎಂಬ ಹಂಬಲವೇ ಮೋಹವಲ್ಲವೆ? ಆದರೆ ಹನ್ನೆರಡು ಅನುಪ್ರೇಕ್ಷೆಗಳು ತನ್ನೊಳಗಿನ ಚಿಂತನೆಗಾಗಿ. ಬಾಗಿಲಿಗೆ ಬಂದ ಮಗುವಿಗೆ ಕೊಡುವ ಉತ್ತರಕ್ಕಾಗಿ ಅಲ್ಲ. ರಕ್ತಸಂಬಂಧವೂ ಅನ್ಯವೇ ಎಂದು ನಿಜವಾಗಿ ನಂಬಿದವನಿಗೆ ಪರರ ಮಗುವನ್ನು ಹೊರಗಿಡಲು ಯಾವ ಕಾರಣ ಉಳಿದೀತು? ಲಿಲಿಗೆ ರಕ್ತವಿದ್ದುದು ಟಿ. ರೇ ಬಳಿ, ಮನೆಯಿದ್ದುದು ಬೇರೆ ಬಣ್ಣದವರ ಬಳಿ. ವಿದ್ಯಾರ್ಥಿನಿಲಯ ನಡೆಸುವ ಟ್ರಸ್ಟುಗಳು, ತಂದೆಯ ಹೆಸರಿನ ಜಾಗ ಖಾಲಿಯಿರುವ ಅರ್ಜಿ ಕೈಗೆ ಬಂದಾಗ ಇದನ್ನು ನೆನೆಯಬಹುದು.

ಕಡೆಯಲ್ಲಿ ತಂದೆ ಮಗಳನ್ನು ಹುಡುಕಿಕೊಂಡು ಬರುತ್ತಾನೆ. ಬರಿಗೈಯಲ್ಲಿ ಹೊರಟವನನ್ನು ಅವಳು ತಡೆದು, ಆ ದಿನ ನಿಜವಾಗಿ ನಡೆದುದೇನೆಂದು ಕೇಳುತ್ತಾಳೆ. ಅವನು ಸುಳ್ಳು ಹೇಳಿ ಅವಳನ್ನು ಬಿಡಿಸಬಹುದಿತ್ತು, ಕೊಲೆಗಾತಿಯೆಂದು ಜರೆದು ಹೋಗಬಹುದಿತ್ತು. ಹಾಗೆ ಮಾಡದೆ, ಮಾಡಿದವಳು ಅವಳೇ, ಆದರೆ ಬೇಕೆಂದು ಮಾಡಿದುದಲ್ಲ ಎಂದಷ್ಟೇ ಹೇಳುತ್ತಾನೆ. ದ್ರವ್ಯವನ್ನೂ ಭಾವವನ್ನೂ ಬೇರ್ಪಡಿಸಿ ನುಡಿದ ಆ ಮಾತು ಅಂಥ ಕಠೋರನ ಬಾಯಿಂದ ಬಂದುದು ಕಾದಂಬರಿಯ ಅತ್ಯಂತ ಅನಿರೀಕ್ಷಿತ ಘಟನೆ. ಅವನ ಗಾಡಿ ಹೊರಟುಹೋಗುತ್ತದೆ. ಲಿಲಿ ಆಗಸ್ಟಳ ಮನೆಯಲ್ಲೇ ಉಳಿಯುತ್ತಾಳೆ.