ಹಂತಿಯ ಎತ್ತಿಗೆ ಬಾಯಿಕುಕ್ಕೆ

2018ರ ಮೇ ತಿಂಗಳಿನಲ್ಲಿ ಶಿವಮೊಗ್ಗ ಪರಿಸರದ ಮೆಕ್ಕೆಜೋಳದ ಹೊಲಗಳಲ್ಲಿ ಅಪರಿಚಿತ ಹುಳುವೊಂದು ಕಾಣಿಸಿಕೊಂಡಿತು. ಸುಳಿ ತಿನ್ನುವ ಹುಳುಗಳು ನಮ್ಮ ರೈತರಿಗೆ ಹೊಸವಲ್ಲ. ಆದರೆ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಇದನ್ನು ಬೇರೆಯದೆಂದು ಕಂಡುಕೊಂಡರು. ತಲೆಯ ಮೇಲೆ ತಿರುವುಮುರುವಾದ 'ವೈ' ಆಕಾರದ ಗೆರೆ, ಬಾಲದ ಬಳಿ ಚೌಕವಾಗಿ ನಿಂತ ನಾಲ್ಕು ಚುಕ್ಕೆ: ಇವು ಅದರ ಗುರುತು. ಅಮೆರಿಕ ಖಂಡದ ಮೂಲದ, 2016ರಲ್ಲಿ ಆಫ್ರಿಕದಲ್ಲಿ ಕಂಡಿದ್ದ ಫಾಲ್ ಸೈನಿಕ ಹುಳು ಭಾರತಕ್ಕೆ ಬಂದಿದೆಯೆಂಬುದು ಹೀಗೆ ಮೊದಲು ತಿಳಿಯಿತು. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಬೆಳೆಗಾರರಿಗೆ ಅದರ ಪರಿಚಯ ಈಗ ಬೇಕಾದಷ್ಟಿದೆ. ಹುಳುವನ್ನು ನೋಡಲು ಒಂದು ಗಳಿಗೆ ಸಾಕು. ನೋಡಬಲ್ಲ ಕಣ್ಣು ಸಿದ್ಧವಾಗಲು ವರ್ಷಗಳು ಬೇಕು.

ಪ್ರಿಯ ಓದುಗರೇ, ಆ ವರ್ಷಗಳನ್ನು ಎಣಿಸಿ ನೋಡಿ. ಕೃಷಿ ಪದವಿಗೆ ನಾಲ್ಕು, ಸ್ನಾತಕೋತ್ತರಕ್ಕೆ ಎರಡು, ಪಿಎಚ್.ಡಿ.ಗೆ ಕನಿಷ್ಠ ಮೂರು. ಬಳಿಕವೂ ಹಲವರಿಗೆ ದೊರೆಯುವುದು ಯೋಜನೆ ಮುಗಿದಂದೇ ಮುಗಿಯುವ ತಾತ್ಕಾಲಿಕ ಹುದ್ದೆ. ಜಗಳೂರಿನ ಮಳೆಯಾಶ್ರಿತ ಹೊಲವನ್ನೇ ನೆಚ್ಚಿದ ಮನೆಯ ಮಗಳು ಪದವಿಯ ನಂತರ ಬ್ಯಾಂಕ್ ಪರೀಕ್ಷೆಗೆ ಕುಳಿತರೆ, ರೈತರ ಮಕ್ಕಳ ಮೀಸಲಾತಿಯಲ್ಲಿ ಓದಿ ರೈತರನ್ನೇ ಮರೆತಳೆಂದು ಆಡಿಕೊಳ್ಳುವವರುಂಟು. ಅವಳು ಋಣಗೇಡಿಯೇ?

ತಳಿವಿಜ್ಞಾನದ ಮೂಲಪುರುಷ ಗ್ರೆಗರ್ ಮೆಂಡೆಲ್ ನಮ್ಮವರೇ, ಬ್ರ್ನೋ ನಗರದ ಅಗಸ್ಟೀನ್ ಮಠದ ಗುರು. ಸುಮಾರು ಎಂಟು ವರ್ಷ ಬಟಾಣಿ ಗಿಡಗಳ ಮಧ್ಯೆ ದುಡಿದು, 1866ರಲ್ಲಿ ಫಲಿತಾಂಶ ಪ್ರಕಟಿಸಿದರು. 1884ರಲ್ಲಿ ತೀರಿಕೊಂಡರು, ಲೋಕ ಅವರ ಬೆಲೆ ಅರಿತದ್ದು 1900ರಲ್ಲಿ. ಈ ಕಥೆಯಿಂದ ನಾವು ಗುರುಗಳು ತಾಳ್ಮೆಯ ಪಾಠವನ್ನು ಹೆಕ್ಕಿಕೊಂಡು ಅಡಿಗೆಮನೆಯ ಪಾಠವನ್ನು ಬಿಟ್ಟುಬಿಡುತ್ತೇವೆ. ಬಡ ರೈತನ ಮಗನಾದ ಅವರ ಓದಿಗೆ ತಂಗಿ ತನ್ನ ವರದಕ್ಷಿಣೆಯ ಪಾಲನ್ನು ಬಿಟ್ಟುಕೊಟ್ಟಿದ್ದಳು. ಮಠಾಧಿಪತಿ ನಾಪ್ ಅವರು 1851ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಪ್ರಯೋಗಕ್ಕೆ ಮಠದ ತೋಟವಿತ್ತು, ಊಟಕ್ಕೆ ಮಠದ ಪಂಕ್ತಿಯಿತ್ತು. ಹೊಟ್ಟೆಪಾಡಿನ ಚಿಂತೆಯೂ ತಮ್ಮನ್ನು ಮಠದತ್ತ ನಡೆಸಿತೆಂದು ಮೆಂಡೆಲ್ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅದರಿಂದ ಅವರ ದೈವಕರೆ ಹುಸಿಯಾಗಲಿಲ್ಲ. ಹಾಗಿದ್ದ ಮೇಲೆ ಬ್ಯಾಂಕ್ ಪರೀಕ್ಷೆಗೆ ಕುಳಿತವಳನ್ನು ಮಾತ್ರ ನಾವೇಕೆ ಬೇರೆ ತಕ್ಕಡಿಯಲ್ಲಿ ತೂಗಬೇಕು?

ಸಂಶೋಧನೆಯ ಲಾಭ ಊರಿಗೆಲ್ಲ, ನಷ್ಟ ಒಂದೇ ಮನೆಗೆ ಎಂದಾದಲ್ಲಿ, ಆ ನಷ್ಟವನ್ನು 'ತ್ಯಾಗ' ಎಂದು ಕರೆಯುವುದು ಉಳಿದವರಿಗೆ ಬಹಳ ಅನುಕೂಲ. ಪುಣ್ಯದ ಮಾತಾಡಿ ಸಾಲ ತಪ್ಪಿಸಿಕೊಳ್ಳುವ ಬಗೆಯಿದು. ಹಂತಿ ತುಳಿಯುವ ಎತ್ತಿಗೆ ಬಾಯಿಕುಕ್ಕೆ ಹಾಕಬಾರದೆಂಬ ಮೋಶೆಯ ನಿಯಮವನ್ನು ಸಂತ ಪೌಲರು ಕೊರಿಂಥದವರಿಗೆ ನೆನಪಿಸಿದ್ದು ಸುಮ್ಮನಲ್ಲ; ತಾವು ಸ್ವತಃ ಆ ಹಕ್ಕನ್ನು ಬಿಟ್ಟುಕೊಟ್ಟರೂ ಹಕ್ಕು ಹಕ್ಕೇ ಎಂದು ಅವರು ಸಾಧಿಸಿದರು. ತ್ಯಾಗ ಮಾಡುವವರು ತಾವಾಗಿ ಮಾಡಬೇಕು. ಇನ್ನೊಬ್ಬರಿಂದ ಅದನ್ನು ವಸೂಲು ಮಾಡಲಾಗದು. ಸಂಶೋಧಕರಿಗೂ ಕರ್ತವ್ಯವಿದೆ ನಿಜ. ಬಡ್ತಿಗಾಗಿ ಮಾತ್ರ ಲೇಖನ ಪೋಣಿಸುವವರು ಹೊಲದ ಋಣ ತೀರಿಸಿದಂತಾಗದು. ಆದರೆ ಕೂಲಿ ಕೊಟ್ಟವರಿಗಷ್ಟೇ ಲೆಕ್ಕ ಕೇಳುವ ಅಧಿಕಾರ.

ಗುರುಮಠದಲ್ಲಿ ನಾನು ಕಳೆದ ವರ್ಷಗಳೂ ಇವರ ಓದಿನ ವರ್ಷಗಳಿಗೆ ಕಡಿಮೆಯೇನಲ್ಲ. ಆ ವೆಚ್ಚವನ್ನು ಹೊತ್ತದ್ದು ನನ್ನ ತಂದೆಯಲ್ಲ, ಭಕ್ತರ ಕಾಣಿಕೆ. ಚನ್ನಗಿರಿಯ ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು, ಪಿಎಚ್.ಡಿ. ಅವಧಿ ಸಾಮಾನ್ಯವಾಗಿ ಅದಕ್ಕೆ ಮೊದಲೇ ಮುಗಿಯುತ್ತದೆ. ಆ ಮರದ ರೋಗವನ್ನು ಬುಡದಲ್ಲೇ ಕುಳಿತು ಹತ್ತು ವರ್ಷ ನೋಡುವವರು ನಮಗೆ ಬೇಕಾಗಿದ್ದಾರೆ. ಬರುವ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನದ ಹಬ್ಬದಲ್ಲಿ ಹೊಸ ತೆನೆಗಳನ್ನು ಆಶೀರ್ವದಿಸುವ ಧರ್ಮಕೇಂದ್ರಗಳು, ಅಂದಿನ ಕಾಣಿಕೆಯ ಒಂದು ಪಾಲನ್ನು ತಮ್ಮ ತಾಲ್ಲೂಕಿನ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಹಾಸ್ಟೆಲ್ ಊಟದ ಬಿಲ್ಲಿಗೆ ತೆಗೆದಿಡಲಿ. ಆ ವಿದ್ಯಾರ್ಥಿಯ ಜಾತಿ ಮತ ಕೇಳದಿರಲಿ.