ಓಡುವವನ ಪ್ರಮಾಣವೂ ಮನೆಯವರ ಪ್ರಮಾಣವೂ

ಮೂಲವಾಕ್ಯ: 1 ಕೊರಿಂಥ 9ನೆಯ ಅಧ್ಯಾಯ, 24ರಿಂದ 27ನೆಯ ವಚನಗಳು



ಕಡಲೇಕಾಯಿ ಹೊಲಗಳಲ್ಲಿ ಕಳೆ ತೆಗೆಯುವ ಕಾಲದಲ್ಲಿಯೇ ಶಾಲೆಗಳ ಬಯಲುಗಳಲ್ಲಿ ಸುಣ್ಣದ ಗೆರೆಗಳು ಮೂಡುತ್ತವೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬೀ ನಾಲ್ಕು ತಾಲ್ಲೂಕುಗಳು ಕೂಡಿ ಒಂದು ಶೈಕ್ಷಣಿಕ ಜಿಲ್ಲೆಯಾಗಿವೆಯಷ್ಟೆ. ನಮ್ಮ ಮಕ್ಕಳು ಹೋಬಳಿಯಲ್ಲಿ ಗೆದ್ದು ತಾಲ್ಲೂಕಿಗೂ, ಅಲ್ಲಿ ಗೆದ್ದು ಜಿಲ್ಲೆಗೂ, ಆ ಮೇಲೆ ವಿಭಾಗಕ್ಕೂ ರಾಜ್ಯಕ್ಕೂ ಹೋಗಬೇಕು. ಒಂದೊಂದು ಮೆಟ್ಟಿಲಲ್ಲಿಯೂ ಸೋತು ಹಿಂದಿರುಗುವವರೇ ಹೆಚ್ಚು. ಗೆದ್ದವನ ವಿಷಯವಾಗಿ ಊರೆಲ್ಲಾ ಮಾತಾಡುವದು. ಸೋತು ಬಸ್ಸಿನಿಂದ ಇಳಿದ ಮಗುವಿನ ಸಂಗಡ ಮಾತಾಡುವವರು ಯಾರು?

ಈ ಪ್ರಶ್ನೆಯನ್ನು ಮೊದಲು ನಮಗೇ ಕೇಳಿಕೊಳ್ಳಬೇಕಾಗಿದೆ. ಕೆಲವು ವರುಷಗಳ ಹಿಂದೆ ನಮ್ಮ ಸಭೆಯ ಒಬ್ಬ ಬಾಲಕನು ಎಂಟುನೂರು ಮೀಟರ್ ಓಟದಲ್ಲಿ ತಾಲ್ಲೂಕಿಗೆ ಮೊದಲನೆಯವನಾದನು. ಭಾನುವಾರ ಅವನನ್ನು ಮುಂದೆ ನಿಲ್ಲಿಸಿ ಹಾರ ಹಾಕಿದೆವು. ಹದಿನೈದು ದಿನಗಳಾದ ಮೇಲೆ ಜಿಲ್ಲೆಯ ಓಟದಲ್ಲಿ ಅವನು ಆರನೆಯವನಾದನು. ಮುಂದಿನ ಭಾನುವಾರ ಅವನು ಆರಾಧನೆಗೆ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ನಾವು ವಿಚಾರಿಸುವದಕ್ಕೆ ಹೋದದ್ದು ಒಂದು ತಿಂಗಳ ಮೇಲೆ. ಕುರಿಗಳನ್ನು ಕಟ್ಟುತ್ತಿದ್ದ ಆ ಬಾಲಕನು ತಲೆ ಎತ್ತದೆ, “ಅಯ್ನೋರೇ, ಹಾರ ಹಾಕಿಸ್ಕಂಡ ಜಾಗದಾಗೆ ಸೋತು ಬಂದು ಹೆಂಗೆ ಕುಂತ್ಕಳ್ಳಾದು?” ಅಂದನು. ಮೊಣಕಾಲ ಕೆಳಗಿನ ನೋವನ್ನು ಎರಡು ತಿಂಗಳು ಯಾರಿಗೂ ಹೇಳದೆ ಓಡಿದನೆಂಬದೂ ಆಗ ತಿಳಿಯಿತು. ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತಲಿದೆ.

ಅಪೊಸ್ತಲನಾದ ಪೌಲನು ಓಟಗಾರನ ದೃಷ್ಟಾಂತವನ್ನು ಕೊರಿಂಥದವರಿಗೆ ಸುಮ್ಮನೆ ಬರೆಯಲಿಲ್ಲ. ಅವರ ಪಟ್ಟಣದ ಬಳಿಯಲ್ಲಿಯೇ ಎರಡು ವರುಷಗಳಿಗೊಮ್ಮೆ ದೊಡ್ಡ ಕ್ರೀಡೆಗಳು ನಡೆಯುತ್ತಿದ್ದವು. ಗೆದ್ದವನಿಗೆ ಸಿಗುತ್ತಿದ್ದದ್ದು ಎಲೆಗಳ ಕಿರೀಟ. ಅದು ಕೆಲವು ದಿನಗಳಲ್ಲಿ ಬಾಡಿಹೋಗುವದು. ಅದಕ್ಕಾಗಿ ಅವರು ಎಷ್ಟೋ ಸುಖಗಳನ್ನು ಬಿಡುತ್ತಿದ್ದರು. ಒಲಿಂಪಿಯದಲ್ಲಿಯಾದರೋ, ಹತ್ತು ತಿಂಗಳು ನಿಯಮದ ಪ್ರಕಾರ ಸಾಧನೆ ಮಾಡಿದ್ದೇವೆಂದು ಆಟಗಾರರು ಆಣೆಯಿಡಬೇಕಾಗಿತ್ತು. ಅವರು ಮಾತ್ರವಲ್ಲ, ಕ್ರೀಡೆಗೆ ಕೇಡಾಗುವಂಥಾದ್ದನ್ನು ಮಾಡುವದಿಲ್ಲವೆಂದು ಅವರ ತಂದೆಗಳೂ ಸಹೋದರರೂ ಗುರುಗಳೂ ಕೂಡ ಆಣೆಯಿಡುತ್ತಿದ್ದರೆಂದು ಪೌಸಾನಿಯಸ್ ಎಂಬ ಗ್ರೀಕ್ ಪ್ರವಾಸಿಯು ಬರೆದಿದ್ದಾನೆ. ಓಡುವವನು ಒಬ್ಬನೇ, ಪ್ರಮಾಣವಾದರೋ ಮನೆಯವರೆಲ್ಲರದು. ಇದನ್ನು ಮನಸ್ಸಿನಲ್ಲಿಟ್ಟು ಮೂರು ಸಂಗತಿಗಳನ್ನು ಆಲೋಚಿಸೋಣ.

ಮೊದಲನೆಯದಾಗಿ, ಶರೀರವನ್ನು ಅಧೀನಪಡಿಸುವದು. ಕೋಳಿ ಕೂಗುವ ಹೊತ್ತಿಗೆ ಏಳುವದು, ಗೆಳೆಯರು ಜಾತ್ರೆಗೆ ಹೋದಾಗ ತಾನು ಬಯಲಿಗೆ ಹೋಗುವದು, ರಾತ್ರಿ ಮೊಬೈಲನ್ನು ಬದಿಗಿಟ್ಟು ಮಲಗುವದು, ಇವು ಸಣ್ಣ ತ್ಯಾಗಗಳಲ್ಲ. ಆದರೆ ಅಧೀನಪಡಿಸುವದು ಬೇರೆ, ಹಾಳುಮಾಡುವದು ಬೇರೆ. ದಣಿದ ಮಾಂಸಖಂಡವು ಬಲಗೊಳ್ಳುವದು ವಿಶ್ರಾಂತಿಯಲ್ಲಿಯೂ ನಿದ್ರೆಯಲ್ಲಿಯೂ ಆಗಿದೆ. ಆರು ದಿನ ದುಡಿದು ಒಂದು ದಿನ ವಿಶ್ರಮಿಸಬೇಕೆಂದು ನೇಮಿಸಿದ ದೇವರು ನಮ್ಮ ಎಲುಬುಗಳನ್ನು ಬಲ್ಲವನು. ಯೌವನಸ್ಥರೇ, ನೋವನ್ನು ಮುಚ್ಚಿಡುವದು ಶೌರ್ಯವಲ್ಲ. ತಾಯಂದಿರೇ, ಓಡುವ ಮಗಳಿಗೂ ಮಗನಿಗೆ ಬಡಿಸಿದಷ್ಟೇ ಮುದ್ದೆಯನ್ನೂ ಸೊಪ್ಪುಕಾಳನ್ನೂ ಮೊಟ್ಟೆಯನ್ನೂ ಬಡಿಸಿರಿ.

ಎರಡನೆಯದಾಗಿ, ಮನಸ್ಸಾಕ್ಷಿಯನ್ನು ಕಾಪಾಡುವದು. ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ಲರವರು 1924ರಲ್ಲಿ ಪ್ಯಾರಿಸಿನ ಒಲಿಂಪಿಕ್ ಕೂಟದಲ್ಲಿ ನೂರು ಮೀಟರ್ ಓಟದ ಮೊದಲ ಸುತ್ತು ಕರ್ತನ ದಿನದಲ್ಲಿ ಬಿದ್ದದ್ದರಿಂದ ಅದನ್ನು ಬಿಟ್ಟರು. ಇದು ಆ ದಿನ ಹುಟ್ಟಿದ ಹಟವಲ್ಲ. ತಿಂಗಳುಗಳ ಮೊದಲೇ ಅವರು ತಮ್ಮ ಮನಸ್ಸನ್ನು ತಿಳಿಸಿ, ಬೇರೆ ಓಟಕ್ಕೆ ಸಾಧನೆಮಾಡಿ, ನಾನೂರು ಮೀಟರುಗಳನ್ನು 47.6 ಸೆಕೆಂಡುಗಳಲ್ಲಿ ಓಡಿ ಚಿನ್ನವನ್ನು ಪಡೆದರು. ಮರುವರುಷ ಚೀನಾ ದೇಶಕ್ಕೆ ಸೇವೆಗಾಗಿ ಹೋದರು. ಯುದ್ಧಕಾಲದಲ್ಲಿ ಜಪಾನಿನವರ ಸೆರೆಶಿಬಿರದಲ್ಲಿದ್ದಾಗ, ಭಾನುವಾರ ನೋಡಿಕೊಳ್ಳುವವರಿಲ್ಲದೆ ಹಾಕಿ ಆಡಿದ ಮಕ್ಕಳು ಹೊಡೆದಾಡಿದರು. ಆಗ ಲಿಡೆಲ್ಲರವರು ಮುಂದಿನ ಭಾನುವಾರ ತಾವೇ ತೀರ್ಪುಗಾರರಾಗಿ ನಿಂತರು. ತನ್ನ ಚಿನ್ನಕ್ಕಾಗಿ ಸಡಿಲಿಸದ ನಿಯಮವನ್ನು ಪರರ ಮಕ್ಕಳಿಗಾಗಿ ಸಡಿಲಿಸಿದರು! 1945ರ ಫೆಬ್ರವರಿಯಲ್ಲಿ ಆ ಶಿಬಿರದಲ್ಲಿಯೇ ತೀರಿಕೊಂಡರು. ನಮ್ಮಲ್ಲಿಯೋ? ಹದಿನಾಲ್ಕು ವರುಷದೊಳಗಿನವರ ಗುಂಪಿಗೆ ಸೇರಿಸಬೇಕೆಂದು ಮಗುವಿನ ವಯಸ್ಸನ್ನು ಕಡಿಮೆ ಬರೆಯಿಸುವ ತಂದೆಯು ಆ ಮಗುವಿಗೆ ಓಟವನ್ನಲ್ಲ, ಸುಳ್ಳನ್ನು ಕಲಿಸುತ್ತಾನೆ.

ಮೂರನೆಯದಾಗಿ, ಫಲಿತಾಂಶವನ್ನು ಹೊರುವದು. ಮಧುಗಿರಿಯ ಏಕಶಿಲೆಯ ಬೆಟ್ಟವನ್ನು ಹತ್ತಿದವರು ಬಲ್ಲರು: ಹತ್ತುವಾಗ ಎದೆ ಬಡಿಯುವದು, ಆದರೆ ಕಾಲು ಜಾರುವದು ಇಳಿಯುವಾಗಲೇ. ಓಟದ ಹಿಂದಿನ ರಾತ್ರಿಯ ಭಯಕ್ಕಿಂತ ಓಟವಾದ ಮೇಲಿನ ಗರ್ವವೂ ನಾಚಿಕೆಯೂ ಅಪಾಯಕರವಾದವುಗಳು. ಕೋಲಾರದಲ್ಲಿ 1940ರಲ್ಲಿ ಹುಟ್ಟಿದ ಕೆನೆತ್ ಪೊವೆಲ್ ಎಂಬ ಓಟಗಾರರು ಬೆಂಗಳೂರಿನ ದೂರವಾಣಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ಸಾಧನೆ ಮಾಡಿದರು. 1964ರಲ್ಲಿ ಟೋಕಿಯೋ ಒಲಿಂಪಿಕ್ ಕೂಟದಲ್ಲಿ ಅವರಿದ್ದ ನಾಲ್ವರ ರಿಲೇ ತಂಡವು ಉಪಾಂತ್ಯದ ವರೆಗೆ ಹೋಗಿ ಪದಕವಿಲ್ಲದೆ ಹಿಂದಿರುಗಿತು. ಅವರು ಓಡುವದನ್ನು ಬಿಡಲಿಲ್ಲ. ಆರು ವರುಷಗಳಾದ ಮೇಲೆ, 1970ರಲ್ಲಿ, ಬ್ಯಾಂಕಾಕಿನ ಏಷ್ಯದ ಕೂಟದಲ್ಲಿ ಮೂವರು ಜೊತೆಗಾರರ ಸಂಗಡ ಕಂಚಿನ ಪದಕವನ್ನು ಪಡೆದರು. ಸೋತು ಬಂದ ವರುಷವೂ ಓಟದ ಒಂದು ಭಾಗವೇ ಎಂಬದಕ್ಕೆ ಇದು ಸಾಕ್ಷಿ.

ಹಾಗಾದರೆ ಸೋತ ಮಗುವು ಆ ವರುಷವನ್ನು ದಾಟುವದು ಹೇಗೆ? ಪ್ರಿಯರೇ, ನಮ್ಮ ಕರ್ತನು ಜನರ ಮಧ್ಯದಲ್ಲಿ ಒಂದು ಅದ್ಭುತವನ್ನೂ ಮಾಡುವದಕ್ಕೆ ಮುಂಚೆಯೇ, ಯೊರ್ದನಿನ ನೀರಿನಿಂದ ಮೇಲಕ್ಕೆ ಬಂದಾಗಲೇ, ಪ್ರಿಯ ಮಗನೆಂಬ ತಂದೆಯ ಸ್ವರವನ್ನು ಕೇಳಿದನು. ಪ್ರೀತಿಯು ಮೊದಲು ಬಂತು. ಕೆಲಸವು ಆ ಮೇಲೆ ಬಂತು. ನಾವು ಈ ಕ್ರಮವನ್ನು ತಿರುಗಿಸಿದ್ದೇವೆ. ಗೆದ್ದರೆ ಮಗ, ಸೋತರೆ ಯಾರೋ ಎಂಬಂತೆ ನಡೆದಿದ್ದೇವೆ. ಗೆಲ್ಲುವದಕ್ಕೆ ಮುಂಚೆ ಪ್ರೀತಿಸಲ್ಪಟ್ಟವನು ಸೋತ ಮೇಲೆಯೂ ತಲೆ ಎತ್ತಿ ನಡೆಯುವನು.

ಆದದರಿಂದ ಪ್ರಮಾಣಮಾಡೋಣ. ತಂದೆತಾಯಿಗಳೇ, ಸೋತು ಬಂದ ಮಗುವಿನ ಮುಂದೆ ಮೊದಲು ಊಟವಿಡಿರಿ; ಲೆಕ್ಕ ಕೇಳಬೇಡಿರಿ. ಭಾನುವಾರದ ಅಭ್ಯಾಸದ ವಿಷಯವನ್ನು ಗುರುಗಳ ಸಂಗಡ ಮುಂಚಿತವಾಗಿಯೇ ಮಾತಾಡಿರಿ. ಮಗುವನ್ನು ಇಬ್ಬರ ನಡುವೆ ಸಿಕ್ಕಿಸಬೇಡಿರಿ. ಸಭೆಯ ಹಿರಿಯರೇ, ಹಾರ ಹಾಕುವದಾದರೆ ಹಾಕಿರಿ. ಆದರೆ ಸೋಲಿನ ಸುದ್ದಿ ಬಂದ ಸಂಜೆಯೇ ಆ ಮನೆಯ ಬಾಗಿಲಿಗೆ ಹೋಗಿರಿ.

ಆ ಬಾಲಕನು ಈಗ ಆರಾಧನೆಗೆ ಬರುತ್ತಾನೆ. ಓಡುವದನ್ನು ಮಾತ್ರ ಬಿಟ್ಟಿದ್ದಾನೆ. ಅದು ನಮ್ಮ ಲೆಕ್ಕದಲ್ಲಿ ಬರೆದಿರುವ ಸಾಲ. ಈ ವರುಷ ಓಡುವ ಮಕ್ಕಳ ವಿಷಯದಲ್ಲಿ ಇಂಥ ಸಾಲವನ್ನು ಹೆಚ್ಚಿಸದಂತೆ ಕರ್ತನು ನಮಗೆ ಬುದ್ಧಿಯನ್ನೂ ಕನಿಕರವನ್ನೂ ದಯಪಾಲಿಸಲಿ. ಆಮೆನ್.